ನಲವತ್ತೆರಡು ಮನೆಗಳ ರೊಟ್ಟಿ

ಗುರುವಾರ ಬೆಳಗಿನ ಒಂಬತ್ತರ ಬಸ್ಸಿಗೆ ಬ್ಯಾಡಗಿಯಿಂದ ಹಾವೇರಿಗೆ ಹೋಗುವವರಿಗೆಲ್ಲ ಶಮಶೇರಸಾಬರ ಬುಟ್ಟಿಯ ಪರಿಚಯವಿತ್ತು. ಬಿದಿರಿನ ದೊಡ್ಡ ಬುಟ್ಟಿ. ಮೇಲೆ ತೊಳೆದು ತೊಳೆದು ತೆಳುವಾದ ಬಿಳಿಯ ಬಟ್ಟೆ. ಬಟ್ಟೆಯ ಕೆಳಗೆ ಜೋಳದ ಖಡಕ್ ರೊಟ್ಟಿಗಳು, ಒಂದು ಡಬ್ಬಿಯಲ್ಲಿ ಗುರೆಳ್ಳು ಚಟ್ನಿ.

“ಸಾಬರ, ಈ ಬುಟ್ಟೀಗೂ ಒಂದು ಟಿಕೆಟ್ ಹರೀಲೇನು?” ಎಂದು ಕಂಡಕ್ಟರು ಕೆಣಕುತ್ತಿದ್ದ.

“ಹರಿಯೋ ತಮ್ಮಾ. ಆದರ ಬುಟ್ಟಿಗೆ ವಯಸ್ಸಾಗೇತಿ, ಅರ್ಧಾ ಟಿಕೆಟ್ ಕೊಡು.”

ಹಾವೇರಿಯ ದೊಡ್ಡ ಆಸ್ಪತ್ರೆಯ ಅಂಗಳದಲ್ಲಿ ಒಂದು ಬೇವಿನ ಮರ. ರೋಗಿಗಳ ಜೊತೆಗೆ ಹಳ್ಳಿಗಳಿಂದ ಬಂದವರು ಅದರ ನೆರಳಿನಲ್ಲಿ ಕಾಯುತ್ತ ಕುಳಿತಿರುತ್ತಿದ್ದರು. ಒಳಗೆ ಮಲಗಿದವರಿಗೆ ಊಟ ಸಿಕ್ಕೀತು. ಹೊರಗೆ ಕುಳಿತವರು ಉಂಡರೋ ಇಲ್ಲವೋ ಎಂದು ಕೇಳುವವರಿಲ್ಲ. ಶಮಶೇರಸಾಬರು ಅಲ್ಲಿ ಬುಟ್ಟಿ ಇಳಿಸಿ, ಒಂದೊಂದೇ ರೊಟ್ಟಿ ತೆಗೆದು, ಪ್ರತಿಯೊಂದಕ್ಕೂ ಒಂದು ಮನೆಯ ಹೆಸರು ಹೇಳಿ ಕೊಡುತ್ತಿದ್ದರು.

“ಇದು ಗಿರಣಿ ಮೈಲಾರೆಪ್ಪನವರ ಮನಿದು. ಇದು ಕಿರಾಣಿ ಅಂಜಿನಪ್ಪನವರ ಮನಿದು. ಇದು ನಮ್ಮ ಮುಸ್ತಾಕನ ಮನಿದು.”

ತಿಂದವರು, “ಅವರ ಮನಿ ತಣ್ಣಗಿರಲಿ” ಎನ್ನುವರು. ಒಬ್ಬರು, “ಅವರ ಮಕ್ಕಳು ಮರಿ ಛಲೋ ಇರಲಿ” ಎನ್ನುವರು. ಯಾರು ಯಾವ ಮನೆಗೆ ಏನೆಂದರು ಎಂಬುದನ್ನು ಸಾಬರು ನೆನಪಿಟ್ಟುಕೊಂಡು ಊರಿಗೆ ತರುತ್ತಿದ್ದರು. ತಮ್ಮ ಮನೆಯ ಹೆಸರನ್ನು ಮಾತ್ರ ಅವರು ಒಮ್ಮೆಯೂ ಹೇಳಿದವರಲ್ಲ. ಹೊತ್ತು ತಂದವನು ತನ್ನ ಹೆಸರು ಹೇಳಬಾರದೆಂಬುದು ಅವರೇ ಹಾಕಿಕೊಂಡ ಕಟ್ಟಳೆಯಾಗಿತ್ತು.

ಇದೆಲ್ಲ ಮೊದಲಾದದ್ದು ಇಪ್ಪತ್ತೆಂಟು ವರ್ಷಗಳ ಹಿಂದೆ. ಆಗ ಸಾಬರು ಮೆಣಸಿನಕಾಯಿ ಪೇಟೆಯಲ್ಲಿ ದಬ್ಬಣ ಹಿಡಿದು ಚೀಲ ಹೊಲಿಯುತ್ತಿದ್ದರು. ಹೆಂಡತಿ ಮಹಮೂದಾಬೇಗಂ ಅದೇ ಪೇಟೆಯಲ್ಲಿ ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಆರು ವರ್ಷದ ಮಗಳು ಜರೀನಾಳಿಗೆ ವಿಷಮಜ್ವರ ಬಂದು, ಒಂಬತ್ತು ದಿನ ಹಾವೇರಿಯ ಆಸ್ಪತ್ರೆಯಲ್ಲಿ ಇರಬೇಕಾಯಿತು. ಮೂರನೆಯ ದಿನ ಮರದ ಕೆಳಗೆ ಬರಿಹೊಟ್ಟೆಯಲ್ಲಿ ಕುಳಿತಿದ್ದ ಸಾಬರ ಮುಂದೆ ಹೊಸರಿತ್ತಿಯ ಒಬ್ಬ ಮುದುಕಿ ಬುತ್ತಿ ಬಿಚ್ಚಿದಳು.

“ತಿನ್ನಪ್ಪಾ. ಇದು ನನ್ನ ಕೈದಲ್ಲ, ಬಾಜೂ ಮನಿ ಶೀಲಾನ ಕೈದು. ನಾ ದವಾಖಾನಿಗೆ ಹೊಂಟೇನಿ ಅಂತ ಕೇಳಿ, ಹೊತ್ತು ಮೂಡೂದ್ರಾಗ ಬಡದು ಕೊಟ್ಲು. ನೀ ತಿಂದಿ ಅಂತ ಆಕಿಗೆ ಹೇಳ್ತೇನಿ.”

ಸಾಬರು ಆ ಶೀಲಾಳ ಮುಖವನ್ನು ಎಂದೂ ನೋಡಲಿಲ್ಲ. ಜರೀನಾ ಬದುಕಿದಳು, ಈಗ ರಾಣೇಬೆನ್ನೂರಿನಲ್ಲಿ ಗಂಡನ ಮನೆಯಲ್ಲಿ ಎರಡು ಮಕ್ಕಳ ತಾಯಿ. ಆದರೆ ಆಕೆ ತಾನು ಕಾಣದವನಿಗಾಗಿ ಬಡಿದ ಆ ರೊಟ್ಟಿ ಸಾಬರ ಎದೆಯಲ್ಲಿ ಉಳಿದುಬಿಟ್ಟಿತು. ಆಸ್ಪತ್ರೆಯಿಂದ ಬಂದ ಮರುವಾರವೇ ಅವರು ಬುಟ್ಟಿ ಹಿಡಿದು ಓಣಿಗಿಳಿದರು.

ಬುಧವಾರ ಸಂಜೆ ಮನೆಮನೆಯ ಮುಂದೆ ನಿಂತು, “ಗುರುವಾರ ಬಂತ್ರೀ” ಎಂದು ಕೂಗುವರು. “ಬುಧವಾರದಾಗ ಗುರುವಾರ ತರೂ ಸಾಬ ಬಂದಾನ ನೋಡ್ರಿ” ಎಂದು ಹೆಂಗಸರು ನಗುತ್ತ ಬರುವರು. ತಮ್ಮ ಮನೆಯ ರೊಟ್ಟಿಯ ಜೊತೆಗೆ ಒಂದು ಹೆಚ್ಚಿಗೆ ಬಡಿಯುವುದು ಎರಡು ಓಣಿಗಳಲ್ಲಿ ವಾಡಿಕೆಯಾಯಿತು. ಗುರುವಾರದ ರೊಟ್ಟಿಗೆ ಕೈ ಹಚ್ಚಬಾರದೆಂದು ಮಕ್ಕಳಿಗೂ ತಿಳಿದಿತ್ತು. ಹೀಗೆ ಕೂಡಿದ ಮನೆಗಳು ನಲವತ್ತೆರಡು.

ನಾಲ್ಕು ವರ್ಷಗಳ ಹಿಂದೆ ಸಾಬರ ಮೊಣಕಾಲು ಹಿಡಿಯಿತು. ಬಸ್ಸು ಹತ್ತಿ ಇಳಿಯುವುದೇ ಕಷ್ಟ, ಓಣಿ ಸುತ್ತುವುದಂತೂ ಆಗದಾಯಿತು. ಆಗ ಮಹಮೂದಾಬೇಗಂ, “ನೀವು ಹಾವೇರಿ ನೋಡ್ಕೋರಿ, ಓಣಿ ನಾ ಸುತ್ತತೇನಿ” ಎಂದರು. ಅವರ ಮನೆಯೊಳಗೆ ಉರ್ದು, ಹೊರಗೆ ಕನ್ನಡ, ಜಗಳ ಮಾತ್ರ ಎರಡರಲ್ಲೂ. ಆದರೆ ರೊಟ್ಟಿಯ ಮಾತೆಲ್ಲ ಮೊದಲಿನಿಂದ ಓಣಿಯ ಕನ್ನಡದಲ್ಲೇ ನಡೆಯುತ್ತಿತ್ತು.

ಅಂದಿನಿಂದ ಬೇಗಂ ಮಂಗಳವಾರವೂ ಬುಧವಾರವೂ ಮಧ್ಯಾಹ್ನ ಬುಟ್ಟಿ ಹಿಡಿದು ಹೊರಡುವರು, ಹೊತ್ತು ಮುಳುಗುವಾಗ ಬರುವರು. ಬುಧವಾರ ಸಂಜೆ ಬುಟ್ಟಿ ತುಂಬಿರುತ್ತಿತ್ತು. ಅವರ ಸೀರೆಗೆ ಒಲೆಯ ಹೊಗೆಯ ವಾಸನೆ ಇರುತ್ತಿತ್ತು. ಅಷ್ಟು ಮನೆಗಳ ಅಡಿಗೆಮನೆಯ ತನಕ ಹೋಗಿ ಬಂದವಳಲ್ಲವೇ ಎಂದುಕೊಂಡು ಸಾಬರು ಸುಮ್ಮನಿದ್ದರು. ಗುರುವಾರ ಹಾವೇರಿಯಿಂದ ಬಂದವರು ಚಹ ಕುಡಿಯುತ್ತ, “ಅಂಜಿನಪ್ಪನ ಮನಿಗೆ ಹೇಳು, ಹಲಗೇರಿಯಾವ ಒಬ್ಬ ಕಣ್ಣಾಗ ನೀರು ತಗದ. ಮೈಲಾರೆಪ್ಪನ ಸೊಸೀಗೆ ಹೇಳು, ಬಾಣಂತಿಯ ತಾಯಿ ಹರಸ್ಯಾಳ” ಎಂದು ಒಪ್ಪಿಸುವರು. ಬೇಗಂ ತಲೆಯಾಡಿಸುವರು.

ಕಳೆದ ಚಳಿಗಾಲದಲ್ಲಿ ಗಳಗನಾಥದ ಒಬ್ಬ ಅಜ್ಜಿ ಮರದ ಕೆಳಗೆ ಸಿಕ್ಕಳು. ತನ್ನ ರೊಟ್ಟಿಯನ್ನೂ ಬದಿಯವರ ರೊಟ್ಟಿಯನ್ನೂ ತಿರುವಿ ತಿರುವಿ ನೋಡಿದಳು.

“ಯಪ್ಪಾ, ಹತ್ತು ಮನಿ ಹೆಸರು ಹೇಳಿದಿ. ಎಲ್ಲಾ ಒಂದ ಕೈ ರೊಟ್ಟಿ ಅದಾವಲ್ಲ.”

“ಅದ್ಹೆಂಗ ಗೊತ್ತಾಗತೈತಿ ಯವ್ವಾ?”

“ಅಂಚು ನೋಡು. ಕಿರಿಬೆರಳು ಸೊಟ್ಟ ಇದ್ದಾಕಿ ಬಡದ ರೊಟ್ಟಿ. ಎಲ್ಲಾದಕ್ಕೂ ಒಂದ ಕಡಿ ತಗ್ಗು ಬಿದ್ದೈತಿ. ಅರವತ್ತು ವರ್ಷ ರೊಟ್ಟಿ ಬಡದಾಕಿ ಅದೇನಿ, ನನಗ ಹೇಳ್ತಿ?”

ಸಾಬರು ನಕ್ಕುಬಿಟ್ಟರು. ಮನೆಗೆ ಬಂದು ಅದನ್ನೇ ತಮಾಷೆಯಾಗಿ ಹೇಳಿದರು. ಬೇಗಂ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡು, “ಒಂದ ಗಿರಣಿ ಹಿಟ್ಟಲ್ಲೇನ್ರಿ, ಹಂಗ ಕಾಣತದ” ಎಂದರು. ಮೆಣಸಿನಕಾಯಿಯ ತೊಟ್ಟು ಬಿಡಿಸಿ ಬಿಡಿಸಿ ಆ ಕೈಯ ಕಿರುಬೆರಳು ಎಂದೋ ಸೊಟ್ಟಗಾಗಿತ್ತು. ನಲವತ್ತು ವರ್ಷ ಕಂಡ ಬೆರಳನ್ನು ಗಂಡಂದಿರು ಎಲ್ಲಿ ನೋಡುತ್ತಾರೆ?

ಮೊನ್ನೆ ಫೆಬ್ರವರಿಯ ಒಂದು ಮಂಗಳವಾರ ಬೇಗಂ ನೆರೆಮನೆಯ ಜಯವ್ವನ ಹಿತ್ತಲಿನಲ್ಲಿ ಬಿದ್ದರು. ಎದ್ದೇಳುವಾಗ ಸೀರೆಯ ನೆರಿಗೆ ಕಾಲಿಗೆ ತೊಡಕಿ, ಬಲಗೈ ಊರಿ ಬಿದ್ದದ್ದರಿಂದ ಮಣಿಕಟ್ಟಿನ ಎಲುಬು ಮುರಿಯಿತು. ಡಾಕ್ಟರು ಪಟ್ಟಿ ಹಾಕಿ, “ಅಮ್ಮಾ, ಇನ್ನ ರೊಟ್ಟಿ ಬಡಿಯೂದು ಮರತುಬಿಡ್ರಿ” ಎಂದರು. ಆ ಮಾತಿಗೆ ಬೇಗಂ ಅಷ್ಟೊಂದು ಅತ್ತದ್ದೇಕೆಂದು ಸಾಬರಿಗೆ ತಿಳಿಯಲಿಲ್ಲ. ನೋವಿಗೆ ಇರಬೇಕೆಂದುಕೊಂಡರು.

ಮರುದಿನ ಬುಧವಾರ. ಸಾಬರು ಬಡಿಗೆ ಹಿಡಿದು ಬುಟ್ಟಿ ಎತ್ತಿಕೊಂಡರು.

“ಎಲ್ಲಿ ಹೊಂಟ್ರಿ?”

“ಓಣಿಗೆ. ಇಪ್ಪತ್ತೆಂಟು ವರ್ಷದಾಗ ಒಂದು ಗುರುವಾರ ತಪ್ಪಿಲ್ಲ.”

“ಈ ವಾರ ಬ್ಯಾಡ. ಜರೀನಾನ ಅಬ್ಬಾ, ನನ್ನ ಮಾತು ಕೇಳ್ರಿ. ನಿಮ್ಮ ಕಾಲಿಗೆ ಆಗೂದಿಲ್ಲ.”

“ಕಾಲಿಗೆ ಆಗದಿದ್ದರ ಬಡಿಗಿ ಐತಿ” ಎಂದು ಸಾಬರು ಹೊರಟರು.

ಮೊದಲನೆಯದು ಮೈಲಾರೆಪ್ಪನವರ ಮನೆ. ಸೊಸೆ ಸುರೇಖಾ ಬಾಗಿಲಿಗೆ ಬಂದಳು. ಒಳ್ಳೆಯ ಹುಡುಗಿ, ನೀರು ತಂದುಕೊಟ್ಟಳು.

“ರೊಟ್ಟಿ ಏನ್ರಿ ಅಜ್ಜಾ? ನಾವು ಮನ್ಯಾಗ ಬಡಿಯೂದ ಬಿಟ್ಟೇವ್ರಿ. ರೊಟ್ಟಿ ಸೆಂಟರ್‌ನಿಂದ ಎಣಿಸಿ ತರಸ್ತೇವಿ, ಹೆಚ್ಚಿಗಿ ಇರೂದಿಲ್ಲ.”

“ಹೋದ ವಾರ ಕೊಟ್ಟಿದ್ದಿಯಲ್ಲವ್ವಾ?”

“ಹೋದ ವಾರ? ನಮ್ಮತ್ತಿ ತೀರಿಕೊಂಡ ಮ್ಯಾಲ ನಿಮ್ಮ ಮನಿಯವರು ಒಂದೆರಡು ಸಲ ಬಂದಿದ್ರು. ಆಮ್ಯಾಲ ಬರೂದ ಬಿಟ್ರು. ಮೂರು ವರ್ಷ ಆತೇನೋ.”

ಈ ಹುಡುಗಿಗೆ ಮರೆವಿರಬೇಕೆಂದುಕೊಂಡು ಸಾಬರು ಮುಂದೆ ನಡೆದರು. ಕಿರಾಣಿ ಅಂಜಿನಪ್ಪ ಅಂಗಡಿಯಲ್ಲೇ ಸಿಕ್ಕ.

“ಸಾಬರ, ಇನ್ನೂ ಈ ಹಳೇ ಕೆಲಸ ಬಿಟ್ಟಿಲ್ಲೇನು? ಈಗ ಸರಕಾರ ಊಟ ಕೊಡತೈತಿ ದವಾಖಾನ್ಯಾಗ.”

“ಮಲಗಿದವರಿಗೆ ಕೊಡತೈತಿ. ಹೊರಗ ಕುಂತವರಿಗೆ?”

“ಹೊರಗ ಹೋಟೆಲ್ ಅದಾವಲ್ಲ. ಒಂದು ಕೆಲಸ ಮಾಡ್ರಿ. ಬರೂ ತಿಂಗಳ ನಮ್ಮ ಮೊಮ್ಮಗನ ಬರ್ತಡೇಕ್ಕ ಅಲ್ಲೇ ಬಾಳೆಹಣ್ಣು ಹಂಚತೇವಿ. ನೀವೂ ಬರ್ರಿ, ಫೋಟೋದಾಗ ನಿಂದರ್ರಿ.”

ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅದಕ್ಕೇ ಸಾಬರಿಗೆ ಹೆಚ್ಚು ನೋವಾಯಿತು. ಮುಸ್ತಾಕ್ ಬೈಕಿನ ಮೇಲೆ ಕುಳಿತಲ್ಲಿಂದಲೇ, “ಚಾಚಾ, ಈ ವರ್ಷದ ಝಕಾತ್ ದಾನದ ರೊಕ್ಕಾ ಎಲ್ಲಾ ಮೊಬೈಲ್‌ನಾಗ ಕಳಿಸಿಬಿಟ್ಟೇನಿ” ಎಂದ. ಮುಂದಿನ ಮನೆಗೆ ಎತ್ತರದ ಗೇಟು ಬಂದಿತ್ತು. ಗುಂಡಿ ಒತ್ತಿದರೆ ಗೋಡೆಯೊಳಗಿನ ಡಬ್ಬಿ, “ಏನೂ ಬ್ಯಾಡ್ರಿ” ಎಂದಿತು. “ನಾ ಮಾರಾಕ ಬಂದಿಲ್ಲವ್ವ” ಎಂದು ಸಾಬರು ಡಬ್ಬಿಗೇ ಹೇಳಿದರು. ಅದು ಮತ್ತೆ ಮಾತಾಡಲಿಲ್ಲ.

ಹನ್ನೊಂದನೆಯ ಮನೆಯ ಹೊತ್ತಿಗೆ ಅವರು “ಗುರುವಾರ ಬಂತ್ರೀ” ಎಂದು ಕೂಗುವುದನ್ನು ಬಿಟ್ಟರು. ಹದಿನೇಳನೆಯ ಮನೆಯ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಬುಟ್ಟಿಯಲ್ಲಿ ಬಿಳಿಯ ಬಟ್ಟೆಯೊಂದೇ ಇತ್ತು.

ಅಲ್ಲಿಂದ ಅವರನ್ನು ಎಬ್ಬಿಸಿಕೊಂಡು ಬಂದವಳು ಜಯವ್ವ. ತನ್ನ ಹಿತ್ತಲಿಗೆ ಕರೆದೊಯ್ದಳು. ಅಲ್ಲಿ ಮೂರು ಕಲ್ಲಿನ ಒಲೆ, ಮಸಿ ಹಿಡಿದ ಹಂಚು, ಕುಳಿತು ಕುಳಿತು ಸವೆದ ಮಣೆ. ಮೂಲೆಯಲ್ಲಿದ್ದ ತಗಡಿನ ಟ್ರಂಕಿನ ಮುಚ್ಚಳ ತೆಗೆದಳು. ಒಳಗೆ ಒಂದರ ಮೇಲೊಂದು ಖಡಕ್ ರೊಟ್ಟಿಗಳು.

“ಇಪ್ಪತ್ತಾರು ಅದಾವ್ರಿ ಅಣ್ಣಾರ. ಉಳಿದವ್ನ ಇವತ್ತ ಬಡೀಬೇಕಂದಿದ್ಲು. ಅಷ್ಟ್ರಾಗ ಬಿದ್ಲು.”

“ಎಷ್ಟು ದಿನದಿಂದ ಇದು?”

“ಮೂರು ವರ್ಷ ದಾಟಿತ್ರಿ. ಹಿಟ್ಟು ಅರ್ಧಾ ನಂದು, ಅರ್ಧಾ ಆಕಿದು. ಕೈ ಮಾತ್ರ ಆಕಿದ. ನನಗ ಈ ಕಣ್ಣಾಗ ಹಂಚು ಕಾಣೂದಿಲ್ಲ.”

ಸಾಬರು ಒಂದು ರೊಟ್ಟಿ ಎತ್ತಿ ಅಂಚಿನ ಮೇಲೆ ಬೆರಳಾಡಿಸಿದರು. ಒಂದು ಕಡೆ ಸಣ್ಣ ತಗ್ಗು. ಇನ್ನೊಂದನ್ನು ಎತ್ತಿದರು, ಅದರಲ್ಲಿಯೂ ಇತ್ತು.

ಮನೆಗೆ ಬಂದಾಗ ಬೇಗಂ ಗೋಡೆಗೆ ಒರಗಿ ಕುಳಿತಿದ್ದರು. ಗಂಡನ ಮುಖ ನೋಡಿದೊಡನೆ ಅವರಿಗೆ ತಿಳಿಯಿತು.

“ಮೊದಲಿಗೆ ಹತ್ತು ಮನಿಯವರು ಬಿಟ್ರು” ಎಂದು ತಾವಾಗಿಯೇ ಹೇಳತೊಡಗಿದರು. “ಖಾಲಿ ಜಾಗಾಕ್ಕ ನಾನ ಹತ್ತು ಬಡದು ಹಾಕಿದೆ, ಮುಂದಿನ ವಾರ ಹೇಳಿದರಾತು ಅಂತ. ನೀವು ಬುಟ್ಟಿ ನೋಡಿ ಏನಂದ್ರಿ, ನೆನಪೈತೇನು? ‘ಏನ ಅನ್ನು, ನಮ್ಮ ಊರು ಇನ್ನೂ ಛಲೋ ಐತಿ’ ಅಂದ್ರಿ. ಆಮ್ಯಾಲ ಉಳಿದವರೂ ಒಬ್ಬೊಬ್ಬರ ಬಿಟ್ರು. ಆ ಮಾತು ನಿಮ್ಮ ಬಾಯಿಂದ ನಾ ಹೆಂಗ ಕಸಗೊಳ್ಳಲಿ?”

“ನಾ ಅವರ ಹೆಸರು ಹೇಳಿ ಕೊಟ್ಟೇನಲ್ಲ. ಮೂರು ವರ್ಷ.”

“ನೀವು ಸುಳ್ಳು ಹೇಳಲಿಲ್ಲ. ಸುಳ್ಳು ನಂದು.”

ಸಾಬರು ಅನ್ನ ಕಲಸಿ, ಹೆಂಡತಿಗೆ ತಮ್ಮ ಕೈಯಿಂದ ಉಣಿಸಿದರು. ಪಟ್ಟಿಯಿಂದ ಹೊರಗೆ ಚಾಚಿದ್ದ ಆ ಕಿರುಬೆರಳನ್ನು ಬಹಳ ಹೊತ್ತು ನೋಡಿದರು.

ಮರುದಿನ ಒಂಬತ್ತರ ಬಸ್ಸಿಗೆ ಇಪ್ಪತ್ತಾರು ರೊಟ್ಟಿಗಳ ಬುಟ್ಟಿ ಹೊರಟಿತು. ಕಂಡಕ್ಟರು ಬುಟ್ಟಿ ಎತ್ತಿಡುತ್ತ, “ಈ ಹೊತ್ತು ಹಗುರ ಐತಲ್ಲ ಸಾಬರ” ಎಂದ. ಸಾಬರು ಕಿಟಕಿಯ ಕಡೆಗೆ ಮುಖ ತಿರುಗಿಸಿದರು.

ಬೇವಿನ ಮರದ ಕೆಳಗೆ ಜನ ಎಂದಿನಷ್ಟೇ ಇದ್ದರು. ಸಾಬರು ಮೊದಲ ರೊಟ್ಟಿ ತೆಗೆದರು. “ಇದು ಗಿರಣಿ” ಎಂದು ಬಾಯಿಗೆ ಬಂದದ್ದು ಅಲ್ಲಿಯೇ ನಿಂತಿತು. ಎದುರಿಗಿದ್ದ ಹೆಂಗಸು ಕೈ ಚಾಚಿ ಕಾದಿದ್ದಳು.

“ಇದು ಮಹಮೂದಾಬೇಗಂ ಅವರ ಮನಿದು” ಎಂದರು.

ಎರಡನೆಯದಕ್ಕೂ ಅದೇ ಹೆಸರು, ಮೂರನೆಯದಕ್ಕೂ ಅದೇ. ಇಪ್ಪತ್ತಾರು ಸಲ ಹೇಳುವ ಹೊತ್ತಿಗೆ ಅವರ ದನಿ ಬಿದ್ದುಹೋಗಿತ್ತು. ರೊಟ್ಟಿ ಸಿಕ್ಕದ ಕೆಲವರು ತಮ್ಮ ಸರದಿ ಬರಬಹುದೆಂದು ಇನ್ನೂ ಬುಟ್ಟಿಯ ಕಡೆಗೇ ನೋಡುತ್ತಿದ್ದರು. ಒಬ್ಬ ಮುದುಕ, “ಮುಂದಿನ ಗುರುವಾರ ಬರ್ತೀರೇನ್ರಿ?” ಎಂದ. ಸಾಬರು ಬಟ್ಟೆಯನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ, ಬುಟ್ಟಿಯಲ್ಲಿಟ್ಟುಕೊಂಡು ಎದ್ದರು.

ಸಂಜೆ ಮನೆಗೆ ಬಂದಾಗ ಬೇಗಂ, ವಾಡಿಕೆಯಂತೆ, “ಏನಂದ್ರು?” ಎಂದು ಕೇಳಿದರು.

“ತಣ್ಣಗಿರಲಿ ಅಂದ್ರು. ಕೈ ಗಟ್ಟಿ ಇರಲಿ ಅಂದ್ರು. ಈ ಹೊತ್ತು ಬಂದದ್ದೆಲ್ಲಾ ನಿನಗ.”

ಬೇಗಂ ಪಟ್ಟಿ ಹಾಕಿದ ಕೈಯನ್ನು ಮಡಿಲಿಗೆ ಎಳೆದುಕೊಂಡರು.

“ನಾ ಒಬ್ಬಾಕಿ ಅಷ್ಟೆಲ್ಲಾ ಏನ ಮಾಡಲಿ?” ಎಂದರು. “ಅವು ಮನಿ ಮನಿಗೆ ಹೋಗಬೇಕಾಗಿದ್ದವು.”

ಸಾಬರು ಬುಟ್ಟಿಯನ್ನು ಗೂಟಕ್ಕೆ ತೂಗುಹಾಕಲು ಹೋದರು. ಕೈ ಎತ್ತಿದವರು ಯಾಕೋ ಹಾಗೆಯೇ ನಿಂತು, ಮತ್ತೆ ಅದನ್ನು ಇಳಿಸಿ, ಹೆಂಡತಿಯ ಬದಿಗೆ ನೆಲದ ಮೇಲೆಯೇ ಇಟ್ಟರು.