ಕೆಮ್ಮಿದವಳು ನಾನು

ಕ್ಷಯ ಬಂದದ್ದು ನನಗೆ. ಇಟ್ಟಿಗಿಯ ಅಂಬಿಕಾಳಿಗಲ್ಲ. ನನ್ನ ಮೊಮ್ಮಗಳು ಸುಜಾತಾಳಿಗೆ ಅದನ್ನು ಹತ್ತಿಸಿದವಳೂ ನಾನೇ. ಹತ್ತಿಸಿ ಸುಮ್ಮನೆ ಕೂತಿದ್ದರೆ ಅದೊಂದು ತಪ್ಪು. ನಾನು ಸುಮ್ಮನೆ ಕೂರಲಿಲ್ಲ — ಬಾಯಿ ತೆಗೆದು ಇನ್ನೊಬ್ಬರ ಮನೆಯ ಹುಡುಗಿಯ ಹೆಸರು ಹೇಳಿದೆ.

ನಮ್ಮ ಹಡಗಲಿ, ಕೊಟ್ಟೂರು, ಹರಪನಹಳ್ಳಿ ಕಡೆಯಿಂದ ಬ್ರಿಟನ್ನಿಗೆ ಓದಲು ಹೋಗಬೇಕೆಂದಿರುವ ಮಕ್ಕಳು ಇದನ್ನು ಓದಬೇಕು. ಅವರ ಮನೆಯ ಮುದುಕ ಮುದುಕಿಯರು ಅವರಿಗಿಂತ ಮೊದಲು ಓದಬೇಕು. ಓದಲು ಬಾರದವರು ಓದಿಸಿ ಕೇಳಲಿ. ಕೇಳಿ ನನ್ನನ್ನು ಬೈಯಲಿ. ಬೈದು ಮುಗಿದ ಮೇಲೆ ತಮ್ಮ ಕೆಮ್ಮನ್ನು ಒಮ್ಮೆ ಕೇಳಿಸಿಕೊಳ್ಳಲಿ.

ನಾನು ಹೂವು ಕಟ್ಟುವವಳು. ಮಲ್ಲಿಗೆ. ನಮ್ಮ ಕೇರಿಯವರು ಕಟ್ಟಿದ ಹೂವು ಮದುವೆ ಮನೆಗೆ ಹೋಗುವುದಕ್ಕೇ ನನ್ನ ಅರ್ಧ ಆಯಸ್ಸು ಕಳೆದಿತ್ತು. ನನ್ನ ಗಿರಾಕಿಗಳು ಹಾಗೆ ದಕ್ಕಿದವರು. ನಾನು ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಕಟ್ಟುತ್ತೇನೆ. ನನ್ನ ಅವ್ವನೂ ಹಾಗೇ ಕಟ್ಟುತ್ತಿದ್ದಳು. ಕೆಮ್ಮಿನಲ್ಲಿ ರಕ್ತದ ಎಳೆ ಕಂಡ ದಿನ ನನಗೆ ಮೊದಲು ನೆನಪಾದದ್ದು ಸಾವಲ್ಲ — ಆ ದಾರ. ಗೊತ್ತಾದರೆ ನಾನು ಕಟ್ಟಿದ ಹೂವನ್ನು ಯಾರು ಮುಡಿಯುತ್ತಾರೆ?

ಅದಕ್ಕೇ ಹಡಗಲಿಯ ಆಸ್ಪತ್ರೆಗೆ ಹೋಗಲಿಲ್ಲ. ಅಕ್ಕನನ್ನು ನೋಡಿ ಬರುತ್ತೇನೆಂದು ಹೇಳಿ ಬಸ್ಸು ಹತ್ತಿ ಹಗರಿಬೊಮ್ಮನಹಳ್ಳಿಗೆ ಹೋದೆ. ಅಲ್ಲಿ ನನ್ನ ಊರು ಕೋಗಳಿ ಎಂದು ಬರೆಸಿದೆ. ಅದು ನನ್ನ ಅಕ್ಕನ ಊರು. ಮನೆಯಲ್ಲಿ ಯಾರ್ಯಾರಿದ್ದೀರಿ, ಅವರನ್ನೂ ಪರೀಕ್ಷೆ ಮಾಡಬೇಕು ಎಂದು ಅಲ್ಲಿಯ ನರ್ಸು ಕೇಳಿದಳು. ನಾನು ಒಬ್ಬಳೇ ಎಂದೆ. ಆಗ ಸುಜಾತಾ ದಾವಣಗೆರೆಯ ಹಾಸ್ಟೆಲಿನಲ್ಲಿದ್ದಳು, ಹಾಗಾಗಿ ಅದು ಪೂರಾ ಸುಳ್ಳೂ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನೋಡಿ, ಸುಳ್ಳು ಹೇಳುವವರು ಹೀಗೇ ಲೆಕ್ಕ ಹಾಕುತ್ತಾರೆ.

ಗುಳಿಗೆ ಪುಕ್ಕಟೆ ಕೊಟ್ಟರು. ನುಂಗಿದರೆ ಉಚ್ಚೆ ಕೆಂಪಗಾಗುತ್ತಿತ್ತು. ಪೂರ್ತಿ ಆರು ತಿಂಗಳು ನುಂಗಬೇಕು, ನಡುವೆ ಬಿಟ್ಟರೆ ರೋಗ ಮತ್ತೆ ಎದ್ದು ಕೂರುತ್ತದೆ ಎಂದು ಆ ನರ್ಸು ನನ್ನ ಕೈ ಹಿಡಿದು ಹೇಳಿದಳು. ನಾನು ಎರಡು ತಿಂಗಳು ನುಂಗಿದೆ. ಕೆಮ್ಮು ನಿಂತಿತು. ರೊಟ್ಟಿ ಸೇರತೊಡಗಿತು. ಆಯಿತು ಬಿಡು, ಇನ್ನೇಕೆ ಬಸ್ಸಿನಲ್ಲಿ ಅಲೆಯಬೇಕು ಎಂದು ಬಿಟ್ಟೆ. ಹುಡುಕಿಕೊಂಡು ಆಸ್ಪತ್ರೆಯವರು ಕೋಗಳಿಗೆ ಹೋಗಿರಬೇಕು — ನಾನು ಅಲ್ಲಿ ಎಲ್ಲಿದ್ದೆ?

ಸುಜಾತಾ ನನ್ನ ಮಗಳ ಮಗಳು. ಮಗಳು, ಅಳಿಯ ಇಬ್ಬರಿಗೂ ಕೂಡ್ಲಿಗಿಯಲ್ಲಿ ನೌಕರಿ. ಹುಡುಗಿ ಸಣ್ಣವಳಿದ್ದಾಗಿನಿಂದ ನನ್ನ ಬಳಿಯೇ ಬೆಳೆದವಳು, ನನ್ನ ಮಗ್ಗುಲಲ್ಲೇ ಮಲಗಿದವಳು. ದಾವಣಗೆರೆಯಲ್ಲಿ ಓದು ಮುಗಿಸಿ, ಬ್ರಿಟನ್ನಿನ ಯೂನಿವರ್ಸಿಟಿಗೆ ಹೋಗುತ್ತೇನೆ ಎಂದು ಹಟ ಹಿಡಿದು, ಇಂಗ್ಲಿಷ್ ಪರೀಕ್ಷೆಗೆ ಓದಲು ಮನೆಗೆ ಬಂದಳು. ಆಗ ನನಗೆ ಕೆಮ್ಮು ಮತ್ತೆ ಶುರುವಾಗಿತ್ತು. ಆಸ್ಪತ್ರೆಗೆ ಹೋಗೋಣ ನಡಿ ಅಂದಳು. ತಂಬಾಕಿನ ಕೆಮ್ಮು ಅಂದೆ. ನನ್ನ ಮಗ್ಗುಲಲ್ಲಿ ಮಲಗಬೇಡ ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಹೇಳಿದರೆ ಏಕೆ ಎಂದು ಕೇಳುತ್ತಾಳೆ. ಅದಕ್ಕೇ ಹೇಳಲಿಲ್ಲ.

ಅಂಬಿಕಾ ಅವಳ ಹಾಸ್ಟೆಲಿನ ಜೊತೆಗಾತಿ. ಒಂದೇ ರೂಮು, ಒಂದೇ ಆಸೆ. ಇಬ್ಬರಿಗೂ ಅದೇ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತ್ತು. ಅಂಬಿಕಾಳ ಮನೆಯವರು ಲಿಂಗ ಕಟ್ಟುವವರು, ಇಟ್ಟಿಗಿಯಲ್ಲಿ ಹೊಲ ಮನೆ ಇದ್ದವರು. ಆ ಹುಡುಗಿ ನಮ್ಮ ಕೇರಿಗೆ ಬಂದು, ನನ್ನ ಒಲೆಯ ಮುಂದೆ ಕೂತು, ನಾನು ಬಡಿದ ರೊಟ್ಟಿ ತಿಂದು ಹೋಗುತ್ತಿದ್ದಳು. ಧೂಳು ಬಡಿದರೆ ಕೆಮ್ಮುತ್ತಿದ್ದಳು, ಅಷ್ಟೆ. ಅದು ನನ್ನ ಕಿವಿಯಲ್ಲಿ ಉಳಿದಿತ್ತು.

ನಮ್ಮ ದೇಶದಿಂದ ಅಲ್ಲಿಗೆ ಓದಲು ಹೋಗುವವರು ವೀಸಾಕ್ಕೆ ಮೊದಲು ಎದೆಯ ಫೋಟೊ, ಅಂದರೆ ಎಕ್ಸ್‌ರೇ, ತೆಗೆಸಬೇಕು. ಕ್ಷಯ ಇಲ್ಲ ಎಂದು ಅವರು ಹೇಳಿದ ಆಸ್ಪತ್ರೆಯಿಂದಲೇ ಬರೆಸಿಕೊಂಡು ಹೋಗಬೇಕು. ಯುರೋಪಿನ ಮಕ್ಕಳಿಗೂ ಈಗ ವೀಸಾ ಬೇಕಂತೆ, ಆದರೆ ಎದೆಯ ಫೋಟೊ ಬೇಡವಂತೆ. ಇದನ್ನು ಕೇಳಿದಾಗ ನನಗೆ ಮೈ ಉರಿದಿತ್ತು — ನಮ್ಮ ಮಕ್ಕಳ ಎದೆ ಮಾತ್ರ ಹೊಲಸೇನು ಎಂದು. ಈಗ ಆ ಸಿಟ್ಟನ್ನು ಎಲ್ಲಿ ಇಡಲಿ? ಅವರು ಆ ಪರೀಕ್ಷೆ ಇಟ್ಟಿದ್ದು ನನ್ನಂಥವರು ಇದ್ದಾರೆಂದೇ.

ಸುಜಾತಾ ಮೊದಲು ಪರೀಕ್ಷೆಗೆ ಹೋದಳು. ಫೋಟೊದಲ್ಲಿ ಕಲೆ ಕಂಡಿತು. ಕಫ ಪರೀಕ್ಷೆಗೆ ಹಾಕಿ ವಾರಗಟ್ಟಲೆ ಕಾದರು. ರೋಗ ಹೌದು ಎಂದಾಯಿತು. ಆ ವರ್ಷದ ಸೀಟು ಹೋಯಿತು. ಡಾಕ್ಟರು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಮನೆಯಲ್ಲಿ ಯಾರಿಗಾದರೂ ಕೆಮ್ಮು ಇದೆಯೇ ಎಂದು ಕೇಳಿದರು. ಸುಜಾತಾ ನನ್ನ ಕಡೆ ತಿರುಗಿದಳು. ಅವಳು ಬಾಯಿ ತೆಗೆಯುವ ಮುಂಚೆ ನಾನು ತೆಗೆದೆ.

"ಮನ್ಯಾಗ ಯಾರಿಗೂ ಇಲ್ಲರಿ. ನಂದು ತಂಬಾಕಿನ ಕೆಮ್ಮು. ಹಾಸ್ಟೆಲ್‌ನ್ಯಾಗ ಜೋಡಿ ಇದ್ದ ಹುಡುಗಿ ಕೆಮ್ಮತಿದ್ಲು ನೋಡ್ರಿ."

ಇದೇ ಆ ಮಾತು. ಇಷ್ಟೇ. ಯಾರೂ ನನ್ನ ಕುತ್ತಿಗೆ ಹಿಸುಕಿರಲಿಲ್ಲ.

ಸುಜಾತಾ ನಂಬಿದಳು. ಎತ್ತಿ ಆಡಿಸಿದ ಅಜ್ಜಿ ಸುಳ್ಳು ಹೇಳುತ್ತಾಳೆಂದು ಯಾರು ತಿಳಿಯುತ್ತಾರೆ? ಅಂಬಿಕಾಳ ಫೋನು ಎತ್ತುವುದನ್ನು ಬಿಟ್ಟಳು. ಮಾರ್ಕೆಟ್ಟಿನಲ್ಲಿ ಹೂವಿನ ಹೆಂಗಸರು ನಿನ್ನ ಮೊಮ್ಮಗಳು ಏಕೆ ಹೋಗಲಿಲ್ಲ ಎಂದು ಕೇಳಿದಾಗ ನಾನು ಅವರಿಗೂ ಅದನ್ನೇ ಹೇಳಿದೆ — ಇಟ್ಟಿಗಿಯ ಹುಡುಗಿಯಿಂದ ಹತ್ತಿತು, ಪಾಪ. ಪಾಪ ಎಂದೂ ಸೇರಿಸಿದೆ, ನಾಲಗೆಗೆ ಎಲುಬಿಲ್ಲ. ಇಟ್ಟಿಗಿಯ ಮಲ್ಲಿಗೆಯೂ ಅದೇ ಮಾರ್ಕೆಟ್ಟಿಗೆ ಬರುತ್ತದೆ. ಹೂವಿನ ಬುಟ್ಟಿ ವಾಪಸ್ಸು ಹೋಗುವಷ್ಟರಲ್ಲಿ ಮಾತೂ ಹೋಗಿ ಅವಳ ಅಪ್ಪನಿಗೆ ಮುಟ್ಟಿತು.

ಮುಂದಿನದನ್ನು ಕೇಳಿ, ಇದು ನಮ್ಮ ಕಡೆಯವರು ಮಾತ್ರ ಮಾಡುವ ಕೆಲಸ. ಅಂಬಿಕಾ ಆ ಫೋಟೊ ಒಂದನ್ನು ತೆಗೆಸಿದ್ದರೆ ಅವಳ ಎದೆ ಚೊಕ್ಕ ಇದೆ ಎಂದು ಕಾಗದ ಕೊಡುತ್ತಿದ್ದರು. ಊರಿನ ಬಾಯಿ ಮುಚ್ಚುತ್ತಿತ್ತು, ವೀಸಾವೂ ಆಗುತ್ತಿತ್ತು. ಅವರಪ್ಪ ಪರೀಕ್ಷೆಗೇ ಕಳಿಸಲಿಲ್ಲ. ಆತನ ಲೆಕ್ಕ ಇಷ್ಟು: ಪರೀಕ್ಷೆಗೆ ಹೋದರೆ, ರೋಗ ಇದ್ದದ್ದಕ್ಕೇ ಹೋದಳು ಅನ್ನುತ್ತಾರೆ. ಫಲಿತ ಕೆಟ್ಟದ್ದು ಬಂದರೆ ಮುಗಿಯಿತು. ಗೊತ್ತಾಗದೇ ಇದ್ದರೆ ಇಲ್ಲದ ಹಾಗೆ. ಹುಡುಗಿ ಅತ್ತಳಂತೆ, ಊಟ ಬಿಟ್ಟಳಂತೆ. ಆತ ಜಗ್ಗಲಿಲ್ಲ. ಅವಳ ಸೀಟು ಹಾಗೇ ಹೋಯಿತು, ಮತ್ತೆ ಬರಲಿಲ್ಲ.

ಆತನನ್ನು ಬೈಯಲು ನನಗೆ ಬಾಯಿಲ್ಲ. ನಾನು ಮಾಡಿದ್ದೂ ಅದನ್ನೇ ಅಲ್ಲವೇ.

ಆ ಆರು ತಿಂಗಳು ಸುಜಾತಾ ಎಲ್ಲರೆದುರು ಗುಳಿಗೆ ನುಂಗಿದಳು. ನಾನು ಮತ್ತೆ ಹಗರಿಬೊಮ್ಮನಹಳ್ಳಿಗೆ ಹೋಗಿ, ಬೈಸಿಕೊಂಡು, ಅವೇ ಗುಳಿಗೆ ತಂದು ಬಚ್ಚಲಿನ ಹಿಂದೆ ನಿಂತು ನುಂಗಿದೆ. ಈ ಸಲ ಪೂರ್ತಿ ನುಂಗಿದೆ. ಇಬ್ಬರಿಗೂ ವಾಸಿಯಾಯಿತು. ಮುಂದಿನ ವರ್ಷ ಸುಜಾತಾ ಹೋದಳು — ಅಲ್ಲಿಯವರು ಕೇಳಿದ್ದು ವಾಸಿಯಾಯಿತೇ ಎಂದಷ್ಟೇ, ಯಾರಿಂದ ಬಂತು ಎಂದಲ್ಲ. ರೋಗ ಬಂದವಳು ಹೋಗಿ ಓದಿ ಬಂದಳು. ರೋಗ ಬರದವಳು ಇಟ್ಟಿಗಿಯಲ್ಲಿ ಉಳಿದಳು.

ಈಗ ಸುಜಾತಾಳಿಗೆ ಹೊಸಪೇಟೆಯಲ್ಲಿ ಒಳ್ಳೆಯ ನೌಕರಿ ಇದೆ. ಭಾನುವಾರ ಮನೆಗೆ ಬರುತ್ತಾಳೆ. ಬ್ರಿಟನ್ನಿಗೆ ಹೋಗಬೇಕೆನ್ನುವ ಮಕ್ಕಳು ಕೊಟ್ಟೂರು, ಕೂಡ್ಲಿಗಿಯಿಂದ ಅವಳನ್ನು ಕೇಳಲು ಬರುತ್ತಾರೆ. ಅವಳು ಬೇಸರವಿಲ್ಲದೆ ಹೇಳುತ್ತಾಳೆ. ಕೊನೆಯ ಗಳಿಗೆಗೆ ಏನನ್ನೂ ಬಿಡಬೇಡಿ. ದುಡ್ಡು ಬ್ಯಾಂಕಿನಲ್ಲಿ ಅಲುಗಾಡದೆ ಕೂತಿರಬೇಕು, ಅವರಿವರಿಂದ ತಂದು ಎರಡು ದಿನ ತೋರಿಸಿದರೆ ನಡೆಯುವುದಿಲ್ಲ. ರೂಮನ್ನು ಇಲ್ಲಿಂದಲೇ ನೋಡಿಕೊಳ್ಳಿ, ಆದರೆ ಫೋಟೊ ನೋಡಿ ದುಡ್ಡು ಕಟ್ಟಬೇಡಿ. ದಪ್ಪ ಕೋಟು ಇಲ್ಲಿ ಕೊಳ್ಳಬೇಡಿ, ಅಲ್ಲಿಯ ಚಳಿಗೆ ಅಲ್ಲಿಯದೇ ಆಗಬೇಕು. ಅಲ್ಲಿಗೆ ಮುಟ್ಟಿದ ಮೊದಲ ವಾರವೇ ಡಾಕ್ಟರ ಬಳಿ ಹೆಸರು ಹಚ್ಚಿಸಿ. ಹೋದ ತಿಂಗಳು ಕೊಟ್ಟೂರಿನವನೊಬ್ಬ, ಅಲ್ಲಿ ಜೋಳದ ರೊಟ್ಟಿ ಸಿಗುತ್ತದೆಯೇ ಎಂದು ಕೇಳಿದ.

"ನೀನೇ ಬಡಿಬೇಕು ಲೇ," ಅಂದಳು.

"ಹಂಗಾದ್ರ ನಮ್ಮವ್ವಗೂ ವೀಸಾ ತೆಗಿಸಬೇಕು ಬಿಡಕ್ಕ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಎದೆಯ ಫೋಟೊದ ಮಾತು ಬಂದಾಗ ಸುಜಾತಾ ಎಂದಿನ ಹಾಗೆ, ಯಾರ ಜೊತೆ ರೂಮು ಹಂಚಿಕೊಳ್ಳುತ್ತೀರಿ ನೋಡಿಕೊಳ್ಳಿ, ಇಟ್ಟಿಗಿಯ ಅಂಬಿಕಾ ಎಂಬ ಒಬ್ಬಳು ತನ್ನ ರೋಗ ಮುಚ್ಚಿಟ್ಟು ನನ್ನ ಒಂದು ವರ್ಷ ತಿಂದಳು ಎಂದಳು. ಇದನ್ನು ಅವಳು ಎಷ್ಟು ಭಾನುವಾರ ಹೇಳಿದ್ದಾಳೋ. ಅಷ್ಟೂ ಸಲ ನಾನು ತಲೆ ತಗ್ಗಿಸಿ ಹೂವು ಕಟ್ಟಿದ್ದೇನೆ.

ಆ ದಿನ ಬಾಗಿಲ ಬಳಿ ಕೂತಿದ್ದ ಹುಡುಗಿಯೊಬ್ಬಳು ತಲೆ ಎತ್ತಿದಳು.

"ಅಂಬಿಕಾ ಮೇಡಂ ಏನಕ್ಕ? ನನಗ ಇಂಗ್ಲಿಷ್ ಕಲಿಸಿದಾಕಿ ಅವರೇ. ಹಡಗಲಿಯಾಗ ಸುಜಾತಾ ಅಂತ ಅದಾಳ, ಎಲ್ಲಾ ಛಲೋ ತಿಳಿಸಿ ಹೇಳತಾಳ, ಹೋಗು ಅಂತ ಇಲ್ಲಿಗೆ ಕಳಿಸಿದಾಕೀನೂ ಅವರೇ."

ಸುಜಾತಾಳ ಮುಖದಲ್ಲಿ ಸಿಟ್ಟೇ ಇತ್ತು, ಎಷ್ಟು ಧೈರ್ಯ ಆ ಅಂಬಿಕಾಳಿಗೆ ಎನ್ನುವ ಸಿಟ್ಟು. ಅದನ್ನು ನೋಡಿದ ಮೇಲೆ ನನಗೆ — ಏನಾಯಿತೆಂದು ಬರೆಯಲು ಬರುವುದಿಲ್ಲ. ಒಳ್ಳೆಯತನ ಅಂತೂ ಅಲ್ಲ. ಹಲ್ಲಲ್ಲಿ ಕಚ್ಚಿದ್ದ ದಾರವನ್ನು ಬಿಟ್ಟೆ.

"ಅಂಬಿಕಾಗಲ್ಲ, ನಂಗ ಬಂದಿತ್ತು," ಅಂದೆ. "ನಿನಗ ಹತ್ತಿದ್ದು ನನ್ನಿಂದ."

ಮಕ್ಕಳು ಒಬ್ಬೊಬ್ಬರೇ ಎದ್ದು ಹೋದರು. ಯಾವಾಗಿನಿಂದ ಎಂದು ಸುಜಾತಾ ಕೇಳಿದಳು. ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ.

"ಆಕಿ ಎಷ್ಟು ಸಲ ಫೋನ್ ಮಾಡಿದ್ಲು, ಅಜ್ಜಿ. ನಾನು ಎತ್ತಲಿಲ್ಲ." ಇಷ್ಟೇ ಹೇಳಿ ಹೊಸಪೇಟೆಯ ಬಸ್ಸು ಹತ್ತಿದಳು. ಅದಾದ ಮೇಲೆ ಭಾನುವಾರ ಬಂದಿಲ್ಲ.

ನಾನು ಇಟ್ಟಿಗಿಗೆ ಹೋದೆ. ಅಂಬಿಕಾ ಕಲಿಸುವ ಶಾಲೆ ಬಿಡುವವರೆಗೆ ಕಾದೆ. ಅವಳು ನನ್ನನ್ನು ಗುರುತು ಹಿಡಿದು, ಮನೆಗೆ ಕರೆದುಕೊಂಡು ಹೋಗಿ, ನೀರು ಕೊಟ್ಟಳು. ಹೇಳಬೇಕಾದ್ದನ್ನು ಹೇಳಿದೆ. ಅವಳ ಕಣ್ಣಲ್ಲಿ ನೀರು ಬರುತ್ತದೆಂದು, ಕಾಲು ಹಿಡಿಯುವುದಕ್ಕೆ ಒಂದು ಜಾಗ ಸಿಗುತ್ತದೆಂದು ಎಣಿಸಿದ್ದೆ. ಅವಳು ಕೈಯಲ್ಲಿದ್ದ ಚೀಲವನ್ನು ಮೊಳೆಗೆ ತೂಗುಹಾಕಿದಳು.

"ನನಗ ಬಂದಿರಲಿಲ್ಲ ಅಂತ ನನಗ ಗೊತ್ತೈತಿ, ಅಜ್ಜಿ. ಅದನ್ನ ನನಗ ಹೇಳಾಕ ಬಸ್ ಹತ್ತಿ ಬಂದ್ರೇನು? ಯಾರಿಗೆ ಸುಳ್ಳು ಹೇಳಿದ್ರಿ, ಅವರಿಗೆ ಹೋಗಿ ಹೇಳ್ರಿ."

ಹೌದು. ಇಟ್ಟಿಗಿಗೆ ಹೋಗಿದ್ದು ನನ್ನ ಹೊಟ್ಟೆ ತಣ್ಣಗಾಗಲಿ ಎಂದೇ. ಅವಳು ಅದನ್ನು ಕಂಡುಹಿಡಿದಳು.

ಮರುದಿನ ಮಾರ್ಕೆಟ್ಟಿನಲ್ಲಿ ಹೂವಿನ ಹೆಂಗಸರಿಗೆ ಹೇಳಿದೆ. ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಗೆ ಹೋಗಿ ನನ್ನ ನಿಜವಾದ ಊರನ್ನು ಹೇಳಿದೆ. ನನ್ನ ಖಾಯಂ ಮನೆಗಳಲ್ಲಿ ಕೆಲವರು ಹೂವು ಬೇಡ ಎಂದರು, ರೋಗ ವಾಸಿಯಾಗಿ ವರ್ಷಗಳಾದರೂ. ಬೇಡವೆನ್ನಲಿ. ಅಂಬಿಕಾ ರೋಗವೇ ಇಲ್ಲದೆ ಅನುಭವಿಸಿದ್ದನ್ನು ರೋಗ ಬಂದ ನಾನು ಅನುಭವಿಸಬೇಕು. ಓದಲು ಹೋಗುವ ಮಕ್ಕಳಿಗೆ ಹೇಳುವುದಿಷ್ಟು: ಎದೆಯ ಫೋಟೊವನ್ನು ಮೊದಲು ತೆಗೆಸಿ. ನಿಮ್ಮದನ್ನಷ್ಟೇ ಅಲ್ಲ, ನಿಮ್ಮ ಮಗ್ಗುಲಲ್ಲಿ ಮಲಗುವವರದನ್ನೂ. ಅವರು ತಂಬಾಕಿನ ಕೆಮ್ಮು ಎಂದರೆ ನಂಬಬೇಡಿ.

ನಾನು ನಿಜ ಹೇಳಬೇಕಾಗಿದ್ದವರಲ್ಲಿ ಇನ್ನೊಬ್ಬ ಉಳಿದ, ಅಂಬಿಕಾಳ ಅಪ್ಪ. ಆತ ಎಲ್ಲಿ ಎಂದು ಅವಳನ್ನು ಕೇಳಿದ್ದೆ. ತೀರಿಕೊಂಡು ಎರಡು ವರ್ಷವಾಯಿತು ಎಂದಳು. ಸಾಯುವ ತನಕ ಆತ ಮಗಳ ಊಟದ ತಾಟನ್ನು ಬೇರೆ ತೊಳೆಸಿ ಬೇರೆ ಇಡಿಸುತ್ತಿದ್ದನಂತೆ. ಕಡೆಗೆ ಹಾಸಿಗೆ ಹಿಡಿದಾಗ, ಅವಳು ಕೈಯಾರೆ ನೀರು ಕುಡಿಸಲು ಹೋದರೆ ಮುಖ ತಿರುಗಿಸಿದನಂತೆ.