ತಂಗಿ ಬಾಯಿಬಿಟ್ಟು ಹೇಳಿದ ಮೇಲೆ

ಯಲಬುರ್ಗಾದ ತವರುಮನೆಗೆ ತಂಗಿಯನ್ನು ನೋಡಲು ಗಂಡಿನವರು ಬರುವವರಿದ್ದರು. ಕಾರಟಗಿಯ ಗಂಡನ ಮನೆಯಿಂದ ನಾನು ಮುಂಜಾನೆಯೇ ಬಂದಿದ್ದೆ. ಒಳಕೋಣೆಯಲ್ಲಿ ಸೀರೆ ಉಡಿಸುವಾಗ ಅವಳು ಸೆರಗು ಬಿಟ್ಟು ಹಿಂದೆ ಸರಿದಳು. ಗಂಗಾವತಿಯ ಒಂದು ದವಾಖಾನೆಯ ಲ್ಯಾಬಿನಲ್ಲಿ ದಿನವೂ ಮಂದಿಯ ರಕ್ತ ತೆಗೆಯುವ ಹುಡುಗಿ, ಸುಮ್ಮನೆ ಹಿಂಜರಿಯುವವಳಲ್ಲ.

“ಯಾಕ, ಏನಾತು?” ಅಂದೆ.

“ಅಕ್ಕ, ನನಗ ಯಾವ ಗಂಡೂ ಬ್ಯಾಡ. ನಮ್ಮ ದವಾಖಾನ್ಯಾಗ ನರ್ಸ್ ಅದಾಳಲ್ಲ, ಆಕಿ ಮ್ಯಾಲ ನನ್ನ ಮನಸೈತಿ. ಇದ್ರ ಆಕಿ ಜೋಡಿನ ಇರ್ತೀನಿ.”

ಇಂಥದ್ದನ್ನು ಟಿವಿಯಲ್ಲಿ ಕೇಳಿದ್ದೆ, ಮನೆಯೊಳಗೆ ಕೇಳಿರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಹೊಡೆತಕ್ಕೆ ಕಾಯುವವರು ಹಾಗೆ ನೋಡುತ್ತಾರೆ.

“ಆಕಿಗೂ ಹಂಗ ಅನಸ್ತೈತೇನು?”

“ಹೂಂ.”

“ಹಂಗಾರ ಸೀರಿ ಬಿಚ್ಚು. ಸುಳ್ಳ ಹೋಗಿ ಕುಂದ್ರೂದು ಬ್ಯಾಡ.”

ಗಂಡಿನವರಿಗೆ ಫೋನು ಮಾಡಿ ಬರಬೇಡಿರೆಂದು ನಾನೇ ಹೇಳಿದೆ. ಅಪ್ಪ ಕಾರಣ ಕೇಳಿದ. ತಂಗಿ ಪಡಸಾಲೆಯಲ್ಲಿ ನಿಂತು ತಾನೇ ಹೇಳಿದಳು, ಏನನ್ನೂ ಮುಚ್ಚಿಡದೆ. ಅಪ್ಪ ಗೋಡೆಗೆ ಆತು ಕೂತುಬಿಟ್ಟ. ಹೊಡೆದವನು ಅಪ್ಪನ ತಮ್ಮ, ನಮ್ಮ ಕಾಕಾ. ಅಡ್ಡ ಹೋದ ನನಗೂ ಬಿತ್ತು.

ನಾನು ಕಾರಟಗಿಗೆ ಮರಳಿದ ಮೇಲೆ ಅವಳ ಫೋನು ಕಿತ್ತುಕೊಂಡು, ತಾವರಗೇರಾ ಕಡೆಯ ದೆವ್ವ ಬಿಡಿಸುವವನೊಬ್ಬನನ್ನು ಮನೆಗೇ ಕರೆಸಿದರು. ಅವ್ವ ಹಿತ್ತಲಿನಿಂದ ಕದ್ದು ಫೋನು ಮಾಡಿದಳು. “ಮೆಣಸಿನಕಾಯಿ ಹೊಗಿ ಹಾಕ್ಯಾರ. ಕೂಸಿಗೆ ಉಸಿರಾಡಾಕ ಆಗವಲ್ದು. ಬಂದು ಕರ್ಕೊಂಡು ಹೋಗವ್ವ.”

ಆ ನರ್ಸ್ ಹುಡುಗಿಯನ್ನೂ ಕರೆದುಕೊಂಡೇ ಹೋದೆ. ತಂಗಿ ಮೂಲೆಯಲ್ಲಿ ಕೂತು ಕೆಮ್ಮುತ್ತಿದ್ದಳು. ತೋಳ ತುಂಬ ಬಾಸುಂಡೆ. ಅವಳನ್ನು ಎಬ್ಬಿಸಿಕೊಂಡು ಹೊರಟಾಗ ಅಪ್ಪ ಬಾಗಿಲಿಗೆ ಬಂದು ನಿಂತ.

“ಆಕಿನ್ನ ಕರ್ಕೊಂಡು ಹೋದ್ರ ನಿನಗೂ ಈ ಮನಿ ಇಲ್ಲ.”

“ಇಲ್ದಿದ್ರ ಇಲ್ಲಪ್ಪ. ಇಕಿ ಜೀವಂತ ಇರ್ಲಿ.”

ನನ್ನ ಗಂಡ “ನಮ್ಮನ್ಯಾಗ ಬ್ಯಾಡ, ಮಂದಿ ಏನಂದಾರು” ಅಂದರು. ಗಂಗಾವತಿಯಲ್ಲಿ ಆ ಹುಡುಗಿ ಇದ್ದ ಬಾಡಿಗೆ ಕೋಣೆಗೇ ಬಿಟ್ಟುಬಂದೆ. ಕಾಕಾ ಅಲ್ಲಿಗೂ ಹೋಗಿ ಬೀದಿಯಲ್ಲಿ ಕೂಗಾಡಿದ. ಮಾಲೀಕರು ಕೋಣೆ ಬಿಡಿಸಿದರು, ಸುದ್ದಿ ದವಾಖಾನೆಗೂ ಮುಟ್ಟಿ ಇಬ್ಬರ ಕೆಲಸವೂ ಹೋಯಿತು. ಕೊಪ್ಪಳದಲ್ಲಿ ಮನೆ ಹುಡುಕುವಾಗ ನಾನೇ ಜೊತೆಗಿದ್ದು “ನನ್ನ ತಂಗಿ, ಆಕಿ ಗೆಳತಿ” ಎಂದು ಹೇಳಿ ಕೊಡಿಸಿದೆ. ಅದಕ್ಕಿಂತ ಹೆಚ್ಚು ಹೇಳಿದ್ದರೆ ಅದೂ ಸಿಗುತ್ತಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವ್ವ ಎದೆನೋವಿನಿಂದ ತೀರಿಕೊಂಡಳು. ಪಕ್ಕದ ಮನೆಯವರು ತಿಳಿಸಿದರು. ಮೂವರೂ ಹೋದೆವು. ಕಾಕಾ ಕಟ್ಟೆಯ ಮೇಲೆಯೇ ತಡೆದ.

“ನೀ ಬೇಕಾರ ಒಳಗ ಬಾ. ಆಕಿ ಬರಂಗಿಲ್ಲ.”

ತಂಗಿ ನನ್ನ ಬೆನ್ನಿಗೆ ಕೈಯಿಟ್ಟು “ನೀ ಹೋಗಕ್ಕ” ಅಂದಳು. ನಾನು ಹೋಗಲಿಲ್ಲ. ಬಿಸಿಲಲ್ಲಿ ಬೀದಿಯಾಚೆ ನಿಂತೆವು. ಹೆಣ ಹೊರಗೆ ತಂದಾಗ ಜನರ ನಡುವೆ ಅವ್ವನ ಹಣೆಯಷ್ಟು ಕಂಡಿತು. ಅಪ್ಪ ನಮ್ಮನ್ನು ನೋಡಿದ, ನೋಡಿ ಮುಖ ತಿರುಗಿಸಿದ.

ಬಸ್ಸಿನಲ್ಲಿ ತಂಗಿ ಕೇಳಿದಳು: “ನಾ ಹೇಳಬಾರದಿತ್ತೇನಕ್ಕ?”

“ಹೇಳಿದ್ದ ಛಲೋ ಆತು,” ಅಂದೆ. ನಂಬಿದಳೋ ಇಲ್ಲವೋ, ಕಿಟಕಿಯ ಕಡೆ ತಿರುಗಿ ಅತ್ತಳು. ಆ ಹುಡುಗಿ ಎಲ್ಲರೆದುರೇ ಅವಳನ್ನು ತಬ್ಬಿಕೊಂಡು ಕೂತಳು.

ಇಬ್ಬರೂ ಕೊಪ್ಪಳದಲ್ಲೇ ಇದ್ದಾರೆ. ತಂಗಿಗೆ ಬೇರೊಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ. ಅಪ್ಪ ನಮ್ಮಿಬ್ಬರ ಫೋನನ್ನೂ ಎತ್ತುವುದಿಲ್ಲ.