ತಿರುಗದೆ ಹೊರಟ ಆಟೋ

ಬದನವಾಳಿನ ಶಾಲೆಗೆ ನನ್ನನ್ನು ದಿನವೂ ಕರೆದೊಯ್ಯುತ್ತಿದ್ದ ನಂಜನಗೂಡಿನ ಆಟೋದವರು ಪ್ರತಿ ಹಂಪ್ ದಾಟಿದ ಮೇಲೂ ಗಾಡಿ ತಿರುಗಿಸುತ್ತಿದ್ದರು.

"ಯಾರ್ಗಾದ್ರೂ ಗುದ್ಬುಟ್ನೇನೋ, ಒಂದ್ಸಲ ನೋಡ್ಕಂಡ್ ಬಂದ್ಬುಡನ ಮೇಡಂ," ಎನ್ನುತ್ತಿದ್ದರು.

ರಸ್ತೆಯಲ್ಲಿ ಯಾರೂ ಬಿದ್ದಿರುತ್ತಿರಲಿಲ್ಲ. ಆದರೂ ಅನುಮಾನ ಬಿಡುತ್ತಿರಲಿಲ್ಲ; ನಾವು ಶಾಲೆ ಮುಟ್ಟುವಷ್ಟರಲ್ಲಿ ದಿನವೂ ಗಂಟೆ ಹೊಡೆದಿರುತ್ತಿತ್ತು. ಇದು ಗೀಳಿನ ಕಾಯಿಲೆ, ಅನುಮಾನ ಬಂದಾಗ ಅದನ್ನು ಗುರುತಿಸಿ, ತಿರುಗದೆ ಮುಂದೆ ಹೋಗಿ ಎಂದು ಮೈಸೂರಿನ ಡಾಕ್ಟರು ಹೇಳಿದ್ದರಂತೆ.

ಒಂದು ಬೆಳಿಗ್ಗೆ ಹಂಪ್ ದಾಟಿದೊಡನೆ ಅವರು ಗಾಡಿ ನಿಲ್ಲಿಸಿದರು. ಆದರೆ ತಿರುಗಿಸಲಿಲ್ಲ.

"ಮೇಡಂ, ಇದು ರಸ್ತೇಲಿ ಆಗಿದ್ದಲ್ಲ, ನನ್ ತಲೇಲಿ ಆಯ್ತಾ ಇರೋದು. ಈಗ ನಂಗೇ ಗೊತ್ತಾಯ್ತಾ ಅದೆ," ಎಂದರು.

"ಭಯ ಹೋಯ್ತಾ?" ಎಂದೆ.

"ಎಲ್ಲೋಯ್ತದೆ? ಇಲ್ಲೇ ಕುಂತದೆ. ಕುಂತಿರ್ಲಿ, ಓಗನ."

ಗೇರ್ ಹಾಕಿ ನೇರ ಹೊರಟರು. ಖುಷಿ ತಡೆಯಲಾರದೆ ನಾನು ಚಪ್ಪಾಳೆ ತಟ್ಟಿದೆ. ಅಂದು ನಾವು ತಲುಪಿದಾಗ ಶಾಲೆಯ ಗೇಟು ಇನ್ನೂ ತೆರೆದಿರಲಿಲ್ಲ.